ಹ್ಞಾಂ ಅಕ್ಕ, ಬಂದಾನು

ನಮ್ಮ ಊರಿನಲ್ಲಿ ಉಪ್ಪಿನಕಾಯಿ ಭರಣಿಯ ಬಾಯಿ ಮುಚ್ಚಿಕೊಂಡು ಕೂತಿರುವುದು ಹೆಚ್ಚಾಗಿ ಯಾರಾದರೊಬ್ಬ ಅಜ್ಜ. ನನ್ನ ಮನೆಯಲ್ಲಿ ಮಾವಿನ ಮಿಡಿಯ ಭರಣಿಗೆ ನನ್ನ ಮಾವ, ನಿಂಬೆಯ ಭರಣಿಗೆ ಮಾವನ ತಮ್ಮ. ಇಬ್ಬರೂ ಗಟ್ಟಿಯಿದ್ದ ಕಾಲದಲ್ಲಿ ಒಂದೊಂದು ಗ್ರಾಮಫೋನ್ ಪ್ಲೇಟಿಗೆ ಭಜನೆ ಹಾಡಿದ್ದರು. ಅವರು ತೀರಿಕೊಂಡ ಗಳಿಗೆಯಲ್ಲೇ ಪ್ಲೇಟಿನಲ್ಲಿ ಅವರ ದನಿಯೂ ನಿಂತಿತು. ಮುಳ್ಳು ಇಟ್ಟರೆ ಬರೀ ಸರಸರ ಸದ್ದು. ಆಮೇಲೆ ಮನೆಯವರಲ್ಲಿ ತೀರ ಹತ್ತಿರದವರು ಬಂದು ಪ್ಲೇಟನ್ನು ಮಗುಚಿ ಇಟ್ಟರು. ಮಗುಚಿದ ಪ್ಲೇಟನ್ನು ತಿರುಗಿ ಹಾಕುವ ಕ್ರಮ ನಮ್ಮಲ್ಲಿಲ್ಲ, ಬಿಸಾಡುವ ಕ್ರಮವೂ ಇಲ್ಲ. ಭರಣಿಯ ಬಾಯಿಗಾದರೆ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ.

ಬೇರೆ ಊರಿನಿಂದ ಬಂದವರು ಇದನ್ನು ನೋಡಿ ಕಣ್ಣು ಕಣ್ಣು ಬಿಡುತ್ತಾರೆ. ಅವರ ಕಡೆ ಸತ್ತವರೂ ಪ್ಲೇಟಿನಲ್ಲಿ ಹಾಡುತ್ತಲೇ ಇರುತ್ತಾರಂತೆ. ಹೆಣ ಸುಟ್ಟು ಬಂದು, ಕೈಕಾಲು ತೊಳೆದು, ಅದೇ ಮನುಷ್ಯನ ಹಾಡು ಹಾಕಿ ಚಹಾ ಕುಡಿಯುತ್ತಾರಂತೆ. ಅಂಥ ಊರಿನಲ್ಲಿ ಜನರಿಗೆ ನಿದ್ದೆ ಹೇಗೆ ಬರುತ್ತದೋ ನನಗೆ ಗೊತ್ತಿಲ್ಲ. ನಮ್ಮಲ್ಲಿ ಪ್ಲೇಟೆಂದರೆ ಬದುಕಿದ್ದವರದ್ದು. ಹಡಗಿಗೆ ಹೋಗುವ ಗಂಡಸರು ಹೊರಡುವ ಮೊದಲು ಹಡಗು ನಿಲ್ಲುವ ದಕ್ಕೆಯ ಪಕ್ಕದ ಅಂಗಡಿಗೆ ಹೋಗಿ ಒಂದು ಮಾತು ಹೇಳಿ ಪ್ಲೇಟು ಮಾಡಿಸಿ, ಹೆಂಡತಿಯ ಕೈಗೆ ಕೊಟ್ಟು ಹತ್ತುತ್ತಾರೆ. ಅವಳು ಬೆಳಿಗ್ಗೆ ಒಲೆ ಹಚ್ಚಿದ ಮೇಲೆ ಒಮ್ಮೆ ಮುಳ್ಳು ಇಡುತ್ತಾಳೆ. 'ಊಟ ಆಯ್ತಾ?' ಎಂದು ಪ್ಲೇಟು ಕೇಳಿದರೆ ಆಯಿತು, ಕಡಲಿನಲ್ಲಿ ಎಲ್ಲೋ ಇದ್ದಾನೆ, ಅಕ್ಕಿ ತೊಳೆಯಬಹುದು. ಒಬ್ಬರ ಪ್ಲೇಟನ್ನು ಇನ್ನೊಬ್ಬರು ಕೇಳದೆ ಹಾಕಬಾರದು. ಕಾಯಿಲೆಯವರ ಪ್ಲೇಟನ್ನು ಅವರ ಕಿವಿಗೆ ಬೀಳುವಂತೆ ಹಾಕಬಾರದು. ಅದರಷ್ಟು ಮರ್ಯಾದೆಗೇಡು ಬೇರೆ ಇಲ್ಲ. ಒಂದೇ ಪ್ಲೇಟಿನಲ್ಲಿ ನಾಲ್ಕು ಜನ ಹಾಡಿದ್ದರೆ, ಒಬ್ಬೊಬ್ಬರೇ ಹೋದ ಹಾಗೆ ಅಷ್ಟಷ್ಟು ಜಾಗ ಖಾಲಿಯಾಗುತ್ತದೆ. ಕೊನೆಗೆ ಡೋಲಿನವನೊಬ್ಬನೇ ಉಳಿದು ಯಾರದೋ ಮದುವೆಗೆ ಒಂಟಿಯಾಗಿ ಬಾರಿಸುತ್ತಿರುತ್ತಾನೆ. ಆದರೆ ಒಬ್ಬರಾದರೂ ಉಳಿದಿರುವ ತನಕ ಪ್ಲೇಟನ್ನು ಮಗುಚುವ ಹಾಗಿಲ್ಲ.

ನಾನು ಸುಂದರಿ. ಹೆಸರು ಇಟ್ಟದ್ದು ಅಪ್ಪ. ನನ್ನನ್ನು ನೋಡುವ ಮೊದಲೇ ಇಟ್ಟಿದ್ದರಂತೆ, ಆಮೇಲೆ ಬದಲಿಸಲು ಮನಸ್ಸಾಗಲಿಲ್ಲ. ಸಣ್ಣ ವಯಸ್ಸಿನಲ್ಲಿ ಸಿಗಡಿ ಸುಲಿದೆ, ನೆಲಗಡಲೆ ಬೇಯಿಸಿ ಮಾರಿದೆ. ಕೂದಲು ಬೆಳ್ಳಗಾದ ಮೇಲೆ ರಾತ್ರಿ ಶಾಲೆಗೆ ಹೋಗಿ ಕಮಲಾಕ್ಷ ಮಾಸ್ಟ್ರ ಕೈಯಲ್ಲಿ ಅಕ್ಷರ ಕಲಿತೆ. ಮಾಸ್ಟ್ರು ನನಗಿಂತ ಚಿಕ್ಕವರು, ಆದರೂ ನಾನು 'ಳ' ಬರೆಯುವಾಗ ಅವರು ಹಿಂದೆ ಬಂದು ನಿಂತರೆ ಈಗಲೂ ಅಕ್ಷರ ಸೊಟ್ಟಗಾಗುತ್ತದೆ. ಹಾಗಾಗಿ ನಿಧಾನವಾಗಿ ಬರೆಯುತ್ತೇನೆ. ನಿಧಾನದಲ್ಲಿ ನನ್ನನ್ನು ಮೀರಿಸಿದವಳು ಒಬ್ಬಳೇ, ಡೆಲ್ಫಿನಾ.

ಡೆಲ್ಫಿನಾ ನಮ್ಮ ದಕ್ಕೆಯ ಹಾಡುಗಾರ್ತಿ. ದೂರದ ಕಡಲಾಚೆಯಿಂದ ಬಂದ ಹಡಗಿನವರು ದಕ್ಕೆಯ ಚಹಾ ಹೋಟೆಲಿನಲ್ಲಿ ತಮ್ಮ ಪ್ಲೇಟು ಹಾಕಿ ಕೇಳುತ್ತಿದ್ದರು. ಕರಿಯ ಹೆಂಗಸರು ಎದೆಯಾಳದಿಂದ ಹಾಡಿದ ಹಾಡುಗಳು. ಅದಕ್ಕೆ ಅವರು ರಿದಮ್ ಅಂಡ್ ಬ್ಲೂಸ್ ಎನ್ನುತ್ತಿದ್ದರು. ನಮ್ಮವರು ಹಡಗಿನ ಹಾಡು ಎಂದರು. ಡೆಲ್ಫಿನಾ ಹೋಟೆಲಿನ ಹಿಂದೆ ಪಾತ್ರೆ ತೊಳೆಯುತ್ತಾ ಅದನ್ನೆಲ್ಲ ಕಿವಿಗೆ ಹಾಕಿಕೊಂಡಳು. ಆಮೇಲೆ ಅದೇ ಧಾಟಿಗೆ ನಮ್ಮ ಮಾತು ಕೂಡಿಸಿದಳು: ಮೀನು ಬಾರದ ದಿನದ ಬಗ್ಗೆ, ಸುಳ್ಳು ಹೇಳುವ ಗಂಡಸಿನ ಬಗ್ಗೆ, ಐಸು ಕರಗುವ ಬಗ್ಗೆ. ದಕ್ಕೆಯಲ್ಲಿ ಜನ ಸೇರಿ ಹಾಡು ಕೇಳುವ ಹಾಲಿನಲ್ಲಿ ಒಂದು ಪಿಯಾನೋ, ಮದುವೆ ಬ್ಯಾಂಡಿನಿಂದ ಬಿಟ್ಟು ಬಂದವನ ಸ್ಯಾಕ್ಸೋಫೋನು, ಅಬ್ಬುಚ್ಚನ ಡ್ರಮ್ಮು. ತಾಳ ಮುಂದೆ ಹೋಗುತ್ತಿತ್ತು, ಇವಳು ಹಿಂದೆ. ತಲೆಯ ಮೇಲೆ ಮೀನಿನ ಬುಟ್ಟಿ ಇದ್ದವಳು ಬಸ್ಸು ಕಂಡರೂ ಓಡುವುದಿಲ್ಲವಲ್ಲ, ಹಾಗೆ ಬರುತ್ತಿದ್ದಳು. ಬಸ್ಸೇ ಅವಳಿಗಾಗಿ ಕಾಯುತ್ತಿತ್ತು.

ನಾನು ಆ ಬಳಗಕ್ಕೆ ಸೇರಿದ ಕಥೆ ದೊಡ್ಡದಲ್ಲ. ಅವಳು ಸಾಲು ಹಾಡಿದಾಗ ಹಿಂದಿನಿಂದ ಉತ್ತರ ಕೊಡಲು ಅವಳ ಚಿಕ್ಕಮ್ಮನ ಮಗಳೊಬ್ಬಳಿದ್ದಳು, ಒಳ್ಳೆ ದನಿ. ಪ್ಲೇಟು ಮಾಡಿಸುವ ದಿನ ಅವಳಿಗೆ ಗದ್ದಬಾವು ಬಂತು. ನಾನು ಬಾಗಿಲಲ್ಲಿ ನೆಲಗಡಲೆ ಮಾರುತ್ತಿದ್ದೆ. ಡೆಲ್ಫಿನಾ ಹೊರಗೆ ಬಂದು ನನ್ನನ್ನು ನೋಡಿ, "ಏಯ್, ನಿನಗೆ 'ಹ್ಞಾಂ ಅಕ್ಕ' ಅಂತ ಹೇಳ್ಲಿಕ್ಕೆ ಬರ್ತದಾ?" ಎಂದಳು.

"ಹ್ಞಾಂ ಅಕ್ಕ," ಎಂದೆ.

"ಸಾಕು, ಒಳಗೆ ಬಾ."

ಒಳಗೆ ಹೋದ ಮೇಲೆ ನಾನು ಸ್ವಲ್ಪ ರಾಗ ಎಳೆದು ತೋರಿಸಿದೆ. ಅವಳು ಕೈ ಅಡ್ಡ ಹಿಡಿದಳು. "ಹಾಡ್ಬೇಡ ಮಾರಾಯ್ತಿ. ಹೇಳು ಸಾಕು. ನೀನು ಹಾಡಿದ್ರೆ ಜನ ಎದ್ದು ಹೋಗ್ತಾರೆ."

ಹಾಗೆ ನಾನು ಕಲಾವಿದೆಯಾದೆ. ಪ್ಲೇಟಿನ ನಡುವಿನ ಕಾಗದದಲ್ಲಿ 'ಡೆಲ್ಫಿನಾ ಮತ್ತು ಬಳಗ' ಎಂದು ಅಚ್ಚಾಯಿತು. ಆ ಬಳಗ ನಾನು. ಅವಳು ಕೇಳುತ್ತಿದ್ದಳು, "ಕಡಲಿಗೆ ಹೋದವ ಬಂದಾನಾ?" ನಾನು, "ಹ್ಞಾಂ ಅಕ್ಕ, ಬಂದಾನು." ಅವಳು, "ಕೈಯಲ್ಲಿ ಮಲ್ಲಿಗೆ ತಂದಾನಾ?" ನಾನು, "ಹ್ಞಾಂ ಅಕ್ಕ, ತಂದಾನು." ಆಮೇಲೆ ಅವಳು ದನಿ ಇಳಿಸಿ, ತಾಳ ಪೂರ್ತಿ ದಾಟಿ ಹೋಗಲು ಬಿಟ್ಟು, "ನಿನ್ನೆಯೂ ಹೀಗೇ ಅಂದಿದ್ದಾ?" ಎನ್ನುವಾಗ ಹಾಲಿನಲ್ಲಿ ಗಂಡಸರು ತಲೆ ತಗ್ಗಿಸುತ್ತಿದ್ದರು. "ಹ್ಞಾಂ ಅಕ್ಕ, ಅಂದಿದ್ದ," ಎಂದು ನಾನು ಗಾಯಕ್ಕೆ ಉಪ್ಪು ಹಾಕುತ್ತಿದ್ದೆ.

ಮುಂದೊಂದು ಮಳೆಗಾಲ ಮುಗಿದ ಮೇಲೆ ಅವಳು ಹಡಗು ಹತ್ತಿದಳು. ಯಾವುದೋ ದೊಡ್ಡ ಪಟ್ಟಣದ ಬ್ಯಾಂಡಿನವರು ಕರೆದರಂತೆ. ತಂಗಿ ಸೆವ್ರಿನಾಳಿಗೂ ಹೇಳಲಿಲ್ಲ. ಸೆವ್ರಿನಾ ಸಿಟ್ಟಿನಲ್ಲಿ ಮನೆಯಲ್ಲಿದ್ದ ಪ್ಲೇಟುಗಳನ್ನೆಲ್ಲ ದಕ್ಕೆಯ ಹಾಲಿಗೆ ಕೊಟ್ಟುಬಿಟ್ಟಳು. ಒಂದನ್ನಾದರೂ ಇಟ್ಟುಕೋ, ಇದ್ದಾಳೋ ಇಲ್ಲವೋ ತಿಳಿಯಬೇಡವೇ ಎಂದು ಊರವರು ಹೇಳಿದರು. "ಇದ್ದಾಳೆ ಅಂತ ಗೊತ್ತಾದ್ರೆ ಸಿಟ್ಟು ಬರ್ತದೆ. ಇಲ್ಲ ಅಂತ ಗೊತ್ತಾದ್ರೆ ಅಳು ಬರ್ತದೆ. ನನಗೆ ಎರಡೂ ಬೇಡ," ಎಂದಳು. ಹಾಲು ಮುಚ್ಚಿತು, ಅಲ್ಲಿ ಮೀನಿಗೆ ಐಸು ಮಾಡುವ ಕಾರ್ಖಾನೆ ಬಂತು. ಪಿಯಾನೋದವನು ಹೋದ, ಸ್ಯಾಕ್ಸೋಫೋನಿನವನು ಹೋದ, ಅಬ್ಬುಚ್ಚನೂ ಹೋದ. ಸೆವ್ರಿನಾ ಮುದುಕಿಯಾದಳು. ನಾನಂತೂ ಅವಳಿಗಿಂತ ಮುಂದೆ ಹೋಗಿ ಮುದುಕಿಯಾಗಿ ಅವಳಿಗಾಗಿ ಕಾಯುತ್ತಿದ್ದೆ. ನಮ್ಮಿಬ್ಬರ ಮನೆಯ ನಡುವೆ ಒಂದು ಮೋಟುಗೋಡೆ, ಅದರ ಮೇಲೆ ಅವಳ ಬೆಕ್ಕು.

ಐಸಿನ ಕಾರ್ಖಾನೆಯೂ ನಿಂತ ಮೇಲೆ ಹಾಲನ್ನು ಊರಿನ ಸಭೆಗಳಿಗೆ ಇಟ್ಟುಕೊಳ್ಳುವುದೆಂದು ಕಮಲಾಕ್ಷ ಮಾಸ್ಟ್ರು ಮುಂದೆ ನಿಂತು ಗುಡಿಸಿಸಿದರು. ವೇದಿಕೆಯ ಹಿಂದೆ, ಐಸು ಮುಚ್ಚುವ ಮರದ ಹೊಟ್ಟಿನ ರಾಶಿಯೊಳಗೆ ಒಂದು ಪೆಟ್ಟಿಗೆ ಸಿಕ್ಕಿತು. ಹೆಚ್ಚಿನ ಪ್ಲೇಟುಗಳು ಚೂರುಚೂರು. ಇಡಿಯಾಗಿ ಉಳಿದದ್ದು ಮೂರು, ಮೂರರಲ್ಲೂ 'ಡೆಲ್ಫಿನಾ ಮತ್ತು ಬಳಗ'. ಸುದ್ದಿ ಹಬ್ಬಿ ಸಂಜೆಗೆ ಜನ ಸೇರಿದರು. ಕ್ರಮ ಪ್ರಕಾರ ಸೆವ್ರಿನಾಳ ಒಪ್ಪಿಗೆ ಕೇಳಿದರು. ಅವಳು ಮುಂದಿನ ಕುರ್ಚಿಯಲ್ಲಿ ಕೂತು, ಮೊಣಕಾಲಿನ ಮೇಲೆ ಎರಡೂ ಕೈ ಇಟ್ಟು, "ಹಾಕಿ," ಎಂದಳು. ನಾನು ಹಿಂದೆ ಕಂಬದ ಪಕ್ಕ ನಿಂತಿದ್ದೆ.

ಮುಳ್ಳು ಇಟ್ಟರು. ಸರಸರ ಸದ್ದು. ಪಿಯಾನೋ ಇಲ್ಲ, ಡ್ರಮ್ಮಿಲ್ಲ. ಜನ ಉಸಿರು ಹಿಡಿದರು. ಮತ್ತಷ್ಟು ಸರಸರ. ಆಮೇಲೆ ಆ ಗ್ರಾಮಫೋನಿನೊಳಗಿಂದ, ತೊಟ್ಟಿಯಲ್ಲಿ ಸಿಕ್ಕಿಕೊಂಡ ಆಡಿನ ಮರಿಯಂಥ ಒಂದು ದನಿ ಹೇಳಿತು: "ಹ್ಞಾಂ ಅಕ್ಕ, ಬಂದಾನು."

ಒಂದೇ ಉಸಿರಿನಲ್ಲಿ ನನಗೆ ಎರಡು ವಿಷಯ ತಿಳಿಯಿತು. ಡೆಲ್ಫಿನಾ ಇಲ್ಲ. ಮತ್ತೆ, ನನ್ನ ದನಿ ಇಷ್ಟು ಕೆಟ್ಟದಾಗಿತ್ತು.

ಅಷ್ಟರಲ್ಲಿ ಯಾರೋ ಕೂಗಿದರು. "ಇದ್ದಾಳೆ! ಡೆಲ್ಫಿನಾ ಬಾಯಿ ಇದ್ದಾಳೆ!" ಹಾಲು ಎದ್ದು ನಿಂತಿತು. ಅವರ ಲೆಕ್ಕ ತಪ್ಪಲ್ಲ. ವಾದ್ಯದವರೆಲ್ಲ ತೀರಿಹೋದದ್ದು ಊರಿಗೇ ಗೊತ್ತು. ನಡುವಿನ ಖಾಲಿ ಜಾಗವೆಲ್ಲ ಅವರದ್ದು. ಉಳಿದ ದನಿ ಪ್ಲೇಟಿನ ಮೇಲೆ ಹೆಸರಿದ್ದವಳದ್ದೇ ಅಲ್ಲವೇ? ಬಾಗಿಲಲ್ಲಿ ನೆಲಗಡಲೆ ಮಾರುತ್ತಿದ್ದವಳು ಯಾರ ನೆನಪಿನಲ್ಲಿರುತ್ತಾಳೆ? ಆ ಹಾಡನ್ನು ಅಂದು ಕೇಳಿದ್ದವರಲ್ಲಿ ಉಳಿದವರು ನಾನು, ಆಗ ಲಂಗ ಹಾಕುತ್ತಿದ್ದ ಸೆವ್ರಿನಾ, ಮತ್ತೆ ಕಿವಿ ಪೂರ್ತಿ ಹೋಗಿರುವ ಒಬ್ಬ ಹಳೆ ದೋಣಿಯವನು. ಅವನು ಎಲ್ಲರೂ ಚಪ್ಪಾಳೆ ತಟ್ಟಿದರೆಂದು ತಾನೂ ತಟ್ಟುತ್ತಿದ್ದ.

ನಾನು ಬಾಯಿ ತೆರೆದೆ. ಸೆವ್ರಿನಾ ತಿರುಗಿದಳು. ಅವಳ ಕಣ್ಣಿನಿಂದ ನೀರು ಕೆನ್ನೆಗೆ, ಕೆನ್ನೆಯಿಂದ ಗಲ್ಲಕ್ಕೆ ಇಳಿಯುತ್ತಿತ್ತು. "ನನ್ನ ಅಕ್ಕ," ಎಂದಳು. ಪಾಪ, ಆಗ ಚಿಕ್ಕವಳು, ಅಕ್ಕನ ದನಿಯನ್ನೇ ಮರೆತಿದ್ದಾಳೆ ಎಂದುಕೊಂಡೆ. ತೆರೆದ ಬಾಯಿಯನ್ನು ಆಕಳಿಕೆ ಮಾಡಿ ಮುಚ್ಚಿದೆ.

ಎರಡನೆಯ ಪ್ಲೇಟಿನಲ್ಲಿ "ಊಹೂಂ ಅಕ್ಕ" ಎಂದಿತ್ತು. ಮೂರನೆಯದರಲ್ಲಿ ಎರಡು ಚಪ್ಪಾಳೆ ಮತ್ತು ಒಂದು "ಅಯ್ಯೋ". ನನ್ನ ಜೀವಮಾನದ ಸಂಗೀತ ಅಷ್ಟೇ. "ಎಷ್ಟು ಬೇರೆ ಬೇರೆ ಭಾವ!" ಎಂದರು ಕಮಲಾಕ್ಷ ಮಾಸ್ಟ್ರು. ನನಗೆ 'ಳ' ಕಲಿಸಿದವರು ಹೇಳಿದ ಮೇಲೆ ಇಲ್ಲವೆನ್ನುವುದು ಹೇಗೆ? ಇರಬಹುದು ಎಂದುಕೊಂಡೆ.

ಡೆಲ್ಫಿನಾ ಸತ್ತದ್ದು ಗೊತ್ತಿದ್ದವಳು ಊರಿಗೆ ನಾನೊಬ್ಬಳೇ ಎಂದು ನಾನು ತಿಳಿದೆ. ಎದುರೆದುರು ಅಳುವ ಹಾಗಿಲ್ಲ. ಅಂಗಡಿಯಿಂದ ಚೀಲ ತುಂಬ ನೀರುಳ್ಳಿ ತಂದು ಬಾಗಿಲಲ್ಲಿ ಕೂತು ಹೆಚ್ಚಿದೆ. ಹೋಗುವವರು ಬರುವವರು ನೋಡಿದರೂ ಅಡ್ಡಿಯಿಲ್ಲ, ಕಣ್ಣೀರಿಗೆ ಕಾರಣ ಮಡಿಲಲ್ಲೇ ಇತ್ತು. ಹೆಚ್ಚಿದ್ದನ್ನು ಏನು ಮಾಡುವುದು? ಒಂದು ವಾರ ನನ್ನ ಮನೆಯಲ್ಲಿ ಬರೀ ಎಣ್ಣೆಯಲ್ಲಿ ಕರಿದ ನೀರುಳ್ಳಿ ಬಜೆ. ಸೆವ್ರಿನಾ ಗೋಡೆಯ ಆಚೆಯಿಂದ ಮೂಗು ಎತ್ತಿ, "ಎಂಥ ಸುಂದರಿ, ನೆಂಟರು ಬರ್ಲಿಕ್ಕುಂಟಾ?" ಎಂದು ಕೇಳಿದಳು.

"ಇಲ್ಲ ಬಾಯಿ, ಬಾಯಿಚಪಲ," ಎಂದೆ.

ಬಜೆ ತಿನ್ನುತ್ತಿರುವಾಗಲೇ ಒಂದು ಯೋಚನೆ ಬಂದು ಬಜೆ ಕೈಯಲ್ಲೇ ಉಳಿಯಿತು. ನಾನು ಸತ್ತರೆ? ನಾನು ಸತ್ತ ಗಳಿಗೆಗೆ ಆ ಮೂರೂ ಪ್ಲೇಟು ಬರಿದಾಗುತ್ತವೆ. ಊರು ಡೆಲ್ಫಿನಾ ಹೋದಳೆಂದು ಅಳುತ್ತದೆ. ಅಷ್ಟೊತ್ತಿಗೆ ಇತ್ತ ನನ್ನ ಹೆಣದ ಹತ್ತಿರ ಬೆಕ್ಕೊಂದೇ ಇರುತ್ತದೆ. ಅದೂ ಹೋಗಲಿ, ಸೆವ್ರಿನಾಳ ಗತಿ? ಇಷ್ಟು ಕಾಲದ ಮೇಲೆ ಅಕ್ಕ ಸಿಕ್ಕಿದಳೆಂದು ಕಣ್ಣು ಬೆಳಗಿಸಿಕೊಂಡು ಕೂತವಳು. ಅವಳ ಅಕ್ಕನ ಜೀವ ಈಗ ನನ್ನ ಪುಪ್ಪುಸದಲ್ಲಿತ್ತು. ಅದೂ ಹೊಸ ಪುಪ್ಪುಸವಲ್ಲ.

ಬಜೆಯ ತಟ್ಟೆಯನ್ನು ಬೆಕ್ಕಿಗೆ ತಳ್ಳಿ ಡಾಕ್ಟರ ಹತ್ತಿರ ಹೋದೆ. "ಏನಾಗ್ತದೆ ಅಜ್ಜಿ?" ಎಂದರು.

"ಏನೂ ಆಗುದಿಲ್ಲ ಡಾಕ್ಟ್ರೇ. ಇರ್ಬೇಕು, ಅದಕ್ಕೆ ಬಂದೆ."

ಅವರು ನನ್ನನ್ನು ತುಂಬ ಹೊತ್ತು ನೋಡಿ, ಎಣ್ಣೆ ಕಡಿಮೆ ಮಾಡಿ, ಬೆಳಿಗ್ಗೆ ನಡೆಯಿರಿ ಎಂದರು. ಅಂದಿನಿಂದ ಹುರಿದ ಬಂಗುಡೆ ಬಂದ್. ಬೆಳಿಗ್ಗೆ ದೀಪಸ್ತಂಭದ ತನಕ ನಡಿಗೆ. ಗಂಡ ಬದುಕಿದ್ದಾಗ ಅವರಿಗಾಗಿ ನಾನು ಇಷ್ಟು ಕಷ್ಟಪಟ್ಟವಳಲ್ಲ.

ಇದೆಲ್ಲ ಸೆವ್ರಿನಾಳಿಗಾಗಿ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಆದರೆ ಇನ್ನೊಂದು ಸಂಗತಿಯೂ ಇತ್ತು. 'ಹ್ಞಾಂ ಅಕ್ಕ, ಬಂದಾನು' ಊರಿನ ನಾಲಗೆಗೆ ಹತ್ತಿತ್ತು. ಬಸ್ಸು ಯಾವಾಗ ಬರುತ್ತದೆಂದು ಕೇಳಿದರೆ ಏಜೆಂಟ್ ಹಾಗೆನ್ನುತ್ತಿದ್ದ. ಸಾಲ ಕೇಳಿದವರಿಗೆ, ಅಳಿಯನನ್ನು ಕೇಳಿದವರಿಗೆ, ಕರೆಂಟು ಕೇಳಿದವರಿಗೆ ಎಲ್ಲರಿಗೂ ಅದೇ ಉತ್ತರ. ನನ್ನ ಮಾತು ಬಾಯಿಂದ ಬಾಯಿಗೆ ಹೋಗುವುದನ್ನು ಕೇಳುತ್ತಾ ನಾನು ಬೀದಿಯಲ್ಲಿ ಸೆರಗು ಸರಿ ಮಾಡಿಕೊಂಡು ನಡೆಯತೊಡಗಿದೆ. ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಒಮ್ಮೊಮ್ಮೆ ಹೇಳಿ ನೋಡುತ್ತಿದ್ದೆ. ಮೀನು ಮಾರುವ ರತ್ನ ಒಮ್ಮೆ ಅದನ್ನು ತೀರ ಚಪ್ಪೆಯಾಗಿ ಹೇಳಿದಾಗ ನನಗೆ ತಡೆಯಲಾಗಲಿಲ್ಲ.

"ಹಾಗಲ್ಲ ಮಗಾ. 'ಅಕ್ಕ' ಅನ್ನುವಾಗ ಸ್ವಲ್ಪ ಎಳೀಬೇಕು, ಮತ್ತೆ ಬಿಡ್ಬೇಕು. ಹ್ಞಾಂ ಅಕ್ಕಾ..."

ರತ್ನ ತಕ್ಕಡಿ ಕೆಳಗಿಟ್ಟಳು. "ಅಜ್ಜಿ, ಡೆಲ್ಫಿನಾ ಬಾಯಿ ಹಾಗೆ ಹಾಡಿದ್ದೇ ಅಲ್ಲ. ನೀವು ಒಮ್ಮೆ ಹೋಗಿ ಪ್ಲೇಟು ಸರೀ ಕೇಳಿ ಬನ್ನಿ."

ಕೇಳಿ ಬರುತ್ತೇನೆ ಎಂದು ಕೊಂಡ ಬೂತಾಯಿ ಮೀನು ಹಿಡಿದುಕೊಂಡು ಬಂದೆ.

ಅಷ್ಟರಲ್ಲಿ ನನಗೆ ಜ್ವರ ಬಂತು, ದೀಪಸ್ತಂಭದ ಗಾಳಿಯಿಂದಲೇ ಬಂದದ್ದು. ಆರೋಗ್ಯಕ್ಕೆಂದು ನಡೆದು ಆರೋಗ್ಯ ಕೆಡಿಸಿಕೊಂಡೆ. ಸೆವ್ರಿನಾ ಗೋಡೆ ಹಾರದಿದ್ದದ್ದೇ ಹೆಚ್ಚು. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಗಂಜಿ, ಸಂಜೆ ಕರಿಮೆಣಸಿನ ಕಷಾಯ. ಔಷಧಿಯನ್ನು ನಾಲಗೆಯ ಮೇಲೆ ಹಾಕಿ, ನುಂಗಿದೆನೋ ಎಂದು ಬಾಯಿ ತೆರೆಸಿ ನೋಡುತ್ತಿದ್ದಳು. "ಬೇಡ ಬಾಯಿ, ನಿನಗೆ ಯಾಕೆ ತೊಂದ್ರೆ," ಎಂದೆ.

"ಸುಮ್ನೆ ಕುಡಿ. ನಿನಗೆ ಎಂತಾದ್ರೂ ಆದ್ರೆ..." ಎಂದವಳು ಮಾತು ನಿಲ್ಲಿಸಿ ಬಟ್ಟಲು ತೊಳೆಯಲು ಹೋದಳು.

ನನಗಾಗಿ ಮರುಗುವವರು ಲೋಕದಲ್ಲಿ ಒಬ್ಬರಾದರೂ ಇದ್ದಾರೆ ಎಂದು ಕಂಬಳಿಯೊಳಗೆ ಕಣ್ಣೊರೆಸಿಕೊಂಡೆ. ಅವಳಿಗಾಗಿ ನಾನು ಉಳಿಯಬೇಕು, ಅವಳಿಗೇನೂ ತಿಳಿಯಬಾರದು ಎಂದು ಇನ್ನೊಮ್ಮೆ ಗಟ್ಟಿ ಮಾಡಿಕೊಂಡೆ. ಜ್ವರ ಬಿಟ್ಟಿತು.

ಊರಿನಲ್ಲಿ ಅಷ್ಟೊತ್ತಿಗೆ 'ಡೆಲ್ಫಿನಾ ಬಾಯಿಯನ್ನು ಕರೆಸುವ ಸಮಿತಿ' ಆಗಿತ್ತು. ಹಡಗಿನವರ ಮೂಲಕ ಊರೂರು ವಿಚಾರಿಸುವುದು, ಸಿಕ್ಕಿದ ಕೂಡಲೇ ಕರೆತರುವುದು. ಅದಕ್ಕೆ ಮೊದಲು ಒಂದು ಸಮಾರಂಭ, ತಂಗಿಗೆ ಸನ್ಮಾನ. ಹಾಲಿಗೆ ಸುಣ್ಣ ಹೊಡೆದರು. ಎಷ್ಟು ಹೊಡೆದರೂ ಒಳಗೆ ಮೀನಿನ ವಾಸನೆ ಹಾಗೇ ಇತ್ತು. ಸೆವ್ರಿನಾ ಪೆಟ್ಟಿಗೆಯಲ್ಲಿಟ್ಟಿದ್ದ ರೇಷ್ಮೆ ಸೀರೆ ಉಟ್ಟು ವೇದಿಕೆಯಲ್ಲಿ ಕೂತಳು, ಕೊರಳಲ್ಲಿ ಸೇವಂತಿಗೆ ಹಾರ. ನಾನು ಹಿಂದೆ ಅದೇ ಕಂಬದ ಪಕ್ಕ, ಈ ಸಲ ಕುರ್ಚಿ ಸಿಕ್ಕಿತ್ತು. ನಾನೂ ಒಳ್ಳೆ ಸೀರೆ ಉಟ್ಟಿದ್ದೆ. ಯಾಕೆಂದು ಯಾರೂ ಕೇಳಲಿಲ್ಲ, ಅದೇ ಒಂದು ಪುಣ್ಯ.

ಮಾಸ್ಟ್ರು ಚಂದವಾಗಿ ಮಾತಾಡಿದರು. ಆಮೇಲೆ ಪ್ಲೇಟು ಹಾಕಿದರು, ಈ ಸಲ ಮೈಕಿನ ಮುಂದೆ. ಮೈಕಿನಲ್ಲಿ ಆಡಿನ ಮರಿ ದೊಡ್ಡ ಆಡಾಗಿತ್ತು. "ಹ್ಞಾಂ ಅಕ್ಕ, ಬಂದಾನು." ಹಳಬರು ತಲೆದೂಗಿದರು. ಆದರೆ ಕಿಟಕಿಯ ಬದಿಯಲ್ಲಿ ನಿಂತಿದ್ದ ಕಾಲೇಜಿನ ಹುಡುಗಿಯರಲ್ಲಿ ಒಬ್ಬಳು ನಕ್ಕಳು. "ಇದಾ ದೊಡ್ಡ ಗಾಯಕಿ? ನಮ್ಮ ಮನೆಯ ಆಡಿಗೆ ಇದಕ್ಕಿಂತ ಶ್ರುತಿ ಉಂಟು." ಇನ್ನೊಬ್ಬಳು, "ಹಾಗೆ ಹೇಳ್ಬೇಡ. ಆ ಕಾಲದಲ್ಲಿ ಬೇರೆ ಯಾರೂ ಇರ್ಲಿಲ್ಲ ಕಾಣ್ತದೆ, ಪಾಪ," ಎಂದಳು.

ನಗೆಯನ್ನು ಸೆವ್ರಿನಾ ಸಹಿಸಿದಳು, ನಾನು ನೋಡುತ್ತಿದ್ದೆ. ಆ 'ಪಾಪ' ಎಂಬುದು ಅವಳನ್ನು ಕುರ್ಚಿಯಿಂದ ಎಬ್ಬಿಸಿತು.

"ನಿಲ್ಲಿಸಿ ಮಾಸ್ಟ್ರೇ."

ಮಾಸ್ಟ್ರು ಮುಳ್ಳು ಎತ್ತಿದರು.

"ಇದು ನನ್ನ ಅಕ್ಕ ಅಲ್ಲ," ಎಂದಳು ಸೆವ್ರಿನಾ. ಮೈಕು ಅವಳ ಮುಂದೆಯೇ ಇತ್ತು. "ನನ್ನ ಅಕ್ಕ ಹುಟ್ಟಿದಂದಿನಿಂದ ಯಾರಿಗೂ 'ಹ್ಞಾಂ' ಅಂದವಳೇ ಅಲ್ಲ. ಅವಳು ಕೇಳುವವಳು, ಹ್ಞಾಂ ಅನ್ನುವವರು ಬೇರೆ. ಇದು ಸುಂದರಿ. ನೆಲಗಡಲೆ ಸುಂದರಿ. ಅಲ್ಲಿ ಕಂಬದ ಹಿಂದೆ ಅಡಗಿ ಕೂತಿದ್ದಾಳೆ ನೋಡಿ."

ಹಾಲೆಲ್ಲ ತಿರುಗಿತು. ವೇದಿಕೆಯಿಂದ ನನ್ನ ಹೆಸರು ಕರೆಯಬೇಕೆಂದು ನಾನು ಎಷ್ಟೋ ವರ್ಷ ಆಸೆಪಟ್ಟಿದ್ದೆ. ಹೀಗೆ ಕರೆಯುತ್ತಾರೆಂದು ಎಣಿಸಿರಲಿಲ್ಲ. ಎದ್ದು ನಿಂತು ಕೈ ಮುಗಿಯುವುದೋ, ಕೂತೇ ಇರುವುದೋ ತಿಳಿಯದೆ ಅರ್ಧ ಎದ್ದು ಅಲ್ಲೇ ನಿಂತುಬಿಟ್ಟೆ.

"ಪ್ಲೇಟಿನಲ್ಲಿ ನನ್ನ ಅಕ್ಕ ಇಲ್ಲ. ಇಲ್ಲ ಅಂದ್ರೆ ಇಲ್ಲ. ಎಲ್ಲಿ ಸತ್ತಳೋ, ಯಾವಾಗ ಸತ್ತಳೋ," ಎಂದಳು. ಅವಳ ದನಿ ಅಲುಗಿತು, ಆದರೆ ನಿಲ್ಲಲಿಲ್ಲ. "ಸತ್ತಳು ಅಂತ ಹೇಳಿ, ನಾನು ತಡ್ಕೊಳ್ತೇನೆ. ಆದ್ರೆ ಅವಳು ಈ ಸುಂದರಿಯ ಹಾಗೆ ಹಾಡ್ತಿದ್ಳು ಅಂತ ಮಾತ್ರ ಹೇಳ್ಬೇಡಿ. ಅದನ್ನು ತಡ್ಕೊಳ್ಳಿಕ್ಕೆ ನನ್ನಿಂದ ಆಗುದಿಲ್ಲ."

ಯಾರೂ ನಗಲಿಲ್ಲ. ನನಗೆ ಮಾತ್ರ, ದೇವರ ಮೇಲಾಣೆ, ನಗು ಬಂತು. ಅದನ್ನು ಕೆಮ್ಮಿನಲ್ಲಿ ಮುಚ್ಚಿದೆ.

"ಮೊದಲಿನಿಂದ ಹಾಕಿ," ಎಂದಳು ಸೆವ್ರಿನಾ. ಕೊರಳಿನ ಹಾರ ತೆಗೆದು ಕುರ್ಚಿಯ ಮೇಲಿಟ್ಟಳು.

ಪ್ಲೇಟು ಸುತ್ತತೊಡಗಿತು. ಸರಸರ ಸದ್ದಿನಲ್ಲಿ ಅವಳು ಕಣ್ಣು ಮುಚ್ಚಿ ಕಾಲಿನ ಹೆಬ್ಬೆರಳಿನಿಂದ ನೆಲ ತಟ್ಟುತ್ತಿದ್ದಳು. ಅಬ್ಬುಚ್ಚನ ಡ್ರಮ್ಮು ಅವಳಿಗೆ ಕೇಳಿಸುತ್ತಿತ್ತು ಎಂದು ನನಗೆ ಗೊತ್ತಾಯಿತು, ನನಗೂ ಕೇಳಿಸುತ್ತಿತ್ತು. ಹಾಡು ಶುರುವಾಗುವ ಜಾಗ ಬಂತು, ದಾಟಿ ಹೋಯಿತು. ಅಯ್ಯೋ, ತಪ್ಪಿದಳು ಎಂದುಕೊಂಡೆ. ತಪ್ಪಲಿಲ್ಲ. ಬುಟ್ಟಿ ಹೊತ್ತವಳ ಹಾಗೆ, ಹಿಂದಿನಿಂದ, ನಿಧಾನವಾಗಿ ಬಂದಳು. "ಕಡಲಿಗೆ ಹೋದವ ಬಂದಾನಾ?" ದನಿ ಒಡೆದಿತ್ತು, ಉಸಿರು ಸಾಲುತ್ತಿರಲಿಲ್ಲ. ಆದರೆ ಆ ನಡಿಗೆ ಡೆಲ್ಫಿನಾಳದ್ದೇ. ಮರೆತಿದ್ದಾಳೆ ಎಂದುಕೊಂಡಿದ್ದೆನಲ್ಲ, ಅವಳು ಒಂದು ಉಸಿರನ್ನೂ ಮರೆತಿರಲಿಲ್ಲ.

"ಹ್ಞಾಂ ಅಕ್ಕ, ಬಂದಾನು," ಎಂದಿತು ಪ್ಲೇಟು.

ಕಿಟಕಿಯ ಬದಿಯ ಹುಡುಗಿಯರು ನೆಟ್ಟಗೆ ನಿಂತರು. ಒಬ್ಬಳೇ ಒದರುತ್ತಿದ್ದಾಗ ಆಡಿನ ಮರಿಯಾಗಿದ್ದ ಆ ದನಿ, ಕೇಳುವವರೊಬ್ಬರು ಬಂದ ಕೂಡಲೇ ಉತ್ತರವಾಗಿತ್ತು. "ಕೈಯಲ್ಲಿ ಮಲ್ಲಿಗೆ ತಂದಾನಾ?" "ಹ್ಞಾಂ ಅಕ್ಕ, ತಂದಾನು." ಮೂರನೆಯ ಸಾಲಿಗೆ ಸೆವ್ರಿನಾ ಬಾಯಿ ತೆರೆದಳು, ದನಿ ಬರಲಿಲ್ಲ. ತುಟಿ ಮಾತ್ರ ಅಲುಗಿತು. ಖಾಲಿ ಜಾಗ ಸರಸರನೆ ಸುತ್ತಿ ಹೋಯಿತು. ಆಗ ಪ್ಲೇಟಿನೊಳಗಿಂದ ಆ ಹುಡುಗಿ, ಲೋಕದ ಯಾವ ಸುದ್ದಿಯೂ ಗೊತ್ತಿಲ್ಲದ ಆ ನೆಲಗಡಲೆಯ ಹುಡುಗಿ, ಹೇಳಿದಳು: "ಹ್ಞಾಂ ಅಕ್ಕ, ಅಂದಿದ್ದ."

ನಾನು ಅತ್ತೆ. ಅಂದು ಮಡಿಲಲ್ಲಿ ನೀರುಳ್ಳಿ ಇರಲಿಲ್ಲ.

ಪ್ಲೇಟು ನಿಂತ ಮೇಲೆ ಮಾಸ್ಟ್ರು ಮೆಲ್ಲಗೆ ಹತ್ತಿರ ಬಂದರು. ತೀರಿಕೊಂಡದ್ದು ಗೊತ್ತಾದ ಮೇಲೆ ಕ್ರಮ ನಡೆಯಬೇಕಲ್ಲ. "ಬಾಯಿ, ಮಗುಚುವುದಾ?" ಎಂದರು.

ಸೆವ್ರಿನಾ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ನೋಡಿದಳು. "ಹೇಗೆ ಮಗುಚುದು ಮಾಸ್ಟ್ರೇ? ಇವಳು ಇದ್ದಾಳಲ್ಲ."

ಪ್ಲೇಟುಗಳನ್ನು ಅವಳಿಗೇ ಕೊಟ್ಟು ಕಳಿಸಿದರು. ಇಬ್ಬರೂ ಮನೆಗೆ ನಡೆದೆವು, ಪೆಟ್ಟಿಗೆ ನನ್ನ ಸೊಂಟದಲ್ಲಿ.

"ನಿನಗೆ ಯಾವಾಗ ಗೊತ್ತಾಯ್ತು ಬಾಯಿ?" ಎಂದು ದಾರಿಯಲ್ಲಿ ಕೇಳಿದೆ.

"ಮೊದಲ ದಿನವೇ. ನೀನು 'ಹ್ಞಾಂ' ಅಂದ ಕೂಡ್ಲೇ."

"ಮತ್ತೆ 'ನನ್ನ ಅಕ್ಕ' ಅಂತ ಅತ್ತದ್ದು?"

"ಅಕ್ಕ ಸತ್ತದ್ದು ಗೊತ್ತಾದ್ರೆ ಅಳ್ಬಾರ್ದಾ?" ಎಂದಳು. ಸ್ವಲ್ಪ ದೂರ ನಡೆದು, "ಊರೆಲ್ಲ ಇದ್ದಾಳೆ, ಇದ್ದಾಳೆ ಅಂತ ಹೇಳುವಾಗ ಕೇಳ್ಲಿಕ್ಕೆ ಒಳ್ಳೇದಿತ್ತು ಸುಂದರಿ. ಎರಡು ದಿನ ಇರ್ಲಿ ಅಂತ ಬಿಟ್ಟೆ. ನೀನೇ ಬಾಯಿ ಬಿಡ್ತಿ ಅಂತ ಇದ್ದೆ. ನೀನು ನೋಡಿದ್ರೆ ಬಜೆ ತಿನ್ನುತ್ತಾ ಕೂತಿ."

ನಾನು ಅವಳನ್ನು ಕಾಪಾಡಿದ್ದು ಹೀಗೆ. "ಜ್ವರ ಬಂದಾಗ ಗಂಜಿ ಕೊಟ್ಟದ್ದು?" ಎಂದೆ, ಕೇಳಬಾರದಿತ್ತು.

"ನೀನು ಹೋದ್ರೆ ಪ್ಲೇಟು ಮಗುಚ್ಬೇಕಲ್ಲ ಮಾರಾಯ್ತಿ. ನಿನ್ನ ಮೇಲೆ ಪ್ರೀತಿ ಅಂತ ಸುಮ್ನೆ ಎಣಿಸ್ಬೇಡ."

ಎಣಿಸಲಿಲ್ಲ ಎಂದೆ. ಪೆಟ್ಟಿಗೆ ಭಾರವಿತ್ತು. ಅವಳು ಇನ್ನೊಂದು ಕಡೆ ಕೈ ಕೊಟ್ಟಳು.

ಈಗ ಸಂಜೆ ಹೊತ್ತು ನಾನು ಅವಳ ಮನೆಯಲ್ಲಿರುತ್ತೇನೆ. ಅವಳು ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಾ ಅಕ್ಕನ ಸಾಲು ಹಾಡುತ್ತಾಳೆ, ಹಾಲಿನಲ್ಲಿದ್ದ ಗ್ರಾಮಫೋನು ಈಗ ಜಗಲಿಯಲ್ಲಿ ಕೂತು ಉತ್ತರ ಕೊಡುತ್ತದೆ. ಆ ಕಾಲೇಜಿನ ಹುಡುಗಿಯರೂ ಒಮ್ಮೊಮ್ಮೆ ಬಂದು ಮೆಟ್ಟಿಲ ಮೇಲೆ ಕೂರುತ್ತಾರೆ. ಒಂದು ದಿನ ನಾನೂ ಇಲ್ಲೇ ಇದ್ದೇನಲ್ಲ ಎಂದು ಪ್ಲೇಟಿನ ಜೊತೆಗೆ, ಎಳೆದು, ಬಿಟ್ಟು, "ಹ್ಞಾಂ ಅಕ್ಕಾ" ಎಂದೆ. ಸೆವ್ರಿನಾ ತುರಿಮಣೆಯಿಂದ ಎದ್ದೇ ಬಂದಳು.

"ನೀನು ಬಾಯಿ ಮುಚ್ಚು. ಪ್ಲೇಟಿನಲ್ಲಿರುವವಳು ಹೇಳ್ಲಿ."

ಮೊನ್ನೆ ಅವಳು ಹೊಸದಾಗಿ ನಿಂಬೆ ಉಪ್ಪಿನಕಾಯಿ ಹಾಕಿದಳು. ದೊಡ್ಡ ಭರಣಿ, ಬಾಯಿಗೆ ಬಿಳಿ ಬಟ್ಟೆ ಸುತ್ತಿ ದಾರ ಕಟ್ಟಿದ್ದಳು. ಬಟ್ಟೆಯಲ್ಲಿ ಗಾಳಿ ಹೋಗುತ್ತದೆ, ಸರಿಯಾದ ಮುಚ್ಚಳ ಇಡಬಾರದೇ ಎಂದೆ. ಅವಳು ಭರಣಿಯ ಬಾಯಿ ನೋಡಿದಳು, ಜಗಲಿಯಲ್ಲಿದ್ದ ಪ್ಲೇಟು ನೋಡಿದಳು, ಆಮೇಲೆ ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿದಳು.

"ಅವಸರ ಎಂಥದು? ಸದ್ಯಕ್ಕೆ ಬಟ್ಟೆ ಸಾಕು," ಎಂದು ಹೋಗಿ ಮುಳ್ಳು ಇಟ್ಟಳು. ಬೆಳಿಗ್ಗೆ ನಡಿಗೆಗೆ ಹೋಗಿದ್ದೆಯಾ ಎಂದೂ ಕೇಳಿದಳು. ಹೋಗಿದ್ದೆ ಎಂದೆ. ಅವಳು ಒಳಗಿನಿಂದ ಹಾಡತೊಡಗಿದಳು. ನಾನು ಬಾಯಿ ಮುಚ್ಚಿಕೊಂಡು, ನಾನು ಏನು ಹೇಳುತ್ತೇನೆಂದು ಕೇಳುತ್ತಾ ಕೂತೆ.